ಪುಟ ನೋಡುವ ಪ್ರೊಫೆಸರು

ನನ್ನ ಹೆಸರು ಅಚ್ಚಾಗುವುದು ಸಂಬಳದ ಚೀಟಿಯಲ್ಲಿ ಮಾತ್ರ. ಅಂಥವನಿಗೆ ನಮ್ಮ ಪ್ರೊಫೆಸರ ಪ್ರಬಂಧಗಳ ಪಟ್ಟಿಯನ್ನೂ, ಅವನ್ನು ಬೇರೆಯವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂಬ ಲೆಕ್ಕವನ್ನೂ ಟೈಪು ಮಾಡುವ ಕೆಲಸ ಸಿಕ್ಕಿದೆ. ಅವರು ಇರುವೆಗಳ ಸಾಲಿನಿಂದ ಶುರುಮಾಡಿ, ಅಲ್ಲಿಂದ ರಸ್ತೆಯ ವಾಹನಗಳಿಗೆ, ವಾಹನಗಳಿಂದ ಆಸ್ಪತ್ರೆಯ ಸರತಿಗೆ ಹಾರಿದವರು. ಇರುವೆ ಪಂಡಿತರು ಅವರನ್ನು ರಸ್ತೆಯವರೆನ್ನುತ್ತಾರೆ, ರಸ್ತೆಯ ಎಂಜಿನಿಯರುಗಳು ಆಸ್ಪತ್ರೆಯವರೆನ್ನುತ್ತಾರೆ, ಡಾಕ್ಟರುಗಳು ‘ಇರುವೆ ಮೇಷ್ಟ್ರು’ ಎಂದು ನಗುತ್ತಾರೆ. ಕ್ಯಾಂಟೀನಿನಲ್ಲೂ ಪ್ರೊಫೆಸರು ತಮ್ಮ ಸರದಿ ಬಂದರೂ ಪಕ್ಕಕ್ಕೆ ನಿಂತು, ಯಾರು ಯಾರ ಹಿಂದೆ ನಿಲ್ಲುತ್ತಾರೆಂದು ನೋಡುತ್ತಿರುತ್ತಾರೆ. ಬೆಳಗ್ಗೆ ಬಾಗಿಲಲ್ಲೇ, “ಏನಯ್ಯಾ, ಯಾರಾದ್ರೂ ನಮ್ಮನ್ನ ನೆನೆಸ್ಕೊಂಡ್ರಾ?” ಎನ್ನುತ್ತಾರೆ. ಉಲ್ಲೇಖ ಮುನ್ನೂರ ಹನ್ನೆರಡಾಯಿತು ಸಾರ್ ಎಂದರೆ ಹಿಗ್ಗುವುದಿಲ್ಲ. “ಪುಟ ಎಷ್ಟು ಅಂತ ಹಾಕಿದಾರೆ, ಅದನ್ನ ನೋಡು.” ಈ ಪುಟದ ಗೀಳು ಅರ್ಥವಾಗಲು ನನ್ನ ಮಂದಬುದ್ಧಿಗೆ ಆರು ತಿಂಗಳು ಹಿಡಿಯಿತು. ಇರುವೆ ಪ್ರಬಂಧವನ್ನು ಮೊದಲು ಉಲ್ಲೇಖಿಸಿದ ಮಹಾಶಯ ನಲವತ್ತೊಂದನೆಯ ಪುಟವನ್ನು ಹದಿನಾಲ್ಕು ಎಂದು ಬರೆದಿದ್ದ. ಪ್ರಬಂಧ ಅಚ್ಚಾದ ಪತ್ರಿಕೆಯ ಹದಿನಾಲ್ಕನೆಯ ಪುಟದಲ್ಲಿರುವುದು ಯಾರದ್ದೋ ಜೇಡದ ಪ್ರಬಂಧ. ಉಳಿದವರೆಲ್ಲ ಮೂಲವನ್ನು ತೆರೆಯದೆ, ಒಬ್ಬರ ಹಿಂದೊಬ್ಬರು ಹದಿನಾಲ್ಕನ್ನೇ ನಕಲು ಮಾಡಿದ್ದರು. ಮೊನ್ನೆ ಮಾತ್ರ ಯಾವುದೋ ಊರಿನ ವಿದ್ಯಾರ್ಥಿನಿಯೊಬ್ಬಳು ಸರಿಯಾಗಿ ನಲವತ್ತೊಂದು ಎಂದು ಹಾಕಿ, ಅಲ್ಲಿ ಪ್ರೊಫೆಸರು ಹಾಕಿದ ಲೆಕ್ಕವೇ ತಪ್ಪೆಂದು ತೋರಿಸಿದ್ದಳು. ಕೆಲಸಕ್ಕೆ ಸಂಚಕಾರ ಬಂತೆಂದು ಹೆದರುತ್ತಲೇ ಅವಳ ಬರಹವನ್ನು ಅವರ ಮುಂದಿಟ್ಟೆ. ಮೇಷ್ಟ್ರು ಎರಡು ಸಲ ಓದಿ, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ಇಪ್ಪತ್ತು ವರ್ಷಕ್ಕೆ ಒಬ್ಬಳು ಓದಿದ್ಲು ಕಣಯ್ಯಾ! ಬಾ, ನಾನೆಲ್ಲಿ ಎಡವಿದೀನಿ ನೋಡೋಣ.”