ಫಿಲೊಮೆನಾ ಬರೆಸಿದ ಮೊದಲ ಸಾಲು

ಫಿಲೊಮೆನಾ ಮಿಫ್ಸುದ್ ಇಪ್ಪತ್ತಾರು ವರ್ಷ ಆಸ್ಟ್ರೇಲಿಯಾದ ಮೊರ್ವೆಲ್‌ನ ಶಾಲೆಯೊಂದರ ಕ್ಯಾಂಟೀನಿನಲ್ಲಿ ನಿಂತು ಮಕ್ಕಳಿಗೆ ಸ್ಯಾಂಡ್‌ವಿಚ್ ಕಟ್ಟಿಕೊಟ್ಟವಳು. ಮಾಲ್ಟಾದ ಗೋಜೋ ದ್ವೀಪದಿಂದ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದಾಗ ಅವಳಿಗೆ ಒಂಬತ್ತು ವರ್ಷ. ಹದಿನಾಲ್ಕಕ್ಕೆ ಓದು ಬಿಟ್ಟು ಹೊಲಿಗೆ ಕಾರ್ಖಾನೆ ಸೇರಿದಳು. ಇಂಗ್ಲಿಷನ್ನು ಅವಳು ಸರಿಯಾಗಿ ಕಲಿತದ್ದು ಆಮೇಲೆ, ಕ್ಯಾಂಟೀನಿನ ಕಿಟಕಿಯಲ್ಲಿ, ಮಕ್ಕಳ ಬಾಯಿಂದ. ಅರ್ಥವಾಗದಿದ್ದರೆ ಆರು ವರ್ಷದ ಮಗುವಿಗೂ ಇನ್ನೊಂದು ಸಲ ಹೇಳು ಅನ್ನುವಳು. ಅದರಲ್ಲಿ ಅವಳಿಗೆ ನಾಚಿಕೆಯಿರಲಿಲ್ಲ.

ನಾಚಿಕೆಯಿದ್ದದ್ದು ಗಂಡ ನೆನುವಿಗೆ. ಪೊಲೀಸರಿರಲಿ, ಪಾದ್ರಿಯಿರಲಿ, ಡಾಕ್ಟರಿರಲಿ, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ತಲೆಯಾಡಿಸಿಬಿಡುವ ಮನುಷ್ಯ. ಹದಿನೇಳನೆಯ ವಯಸ್ಸಿನಿಂದ ವಿದ್ಯುತ್ ಸ್ಥಾವರದ ಬಾಯ್ಲರುಗಳ ನಡುವೆ ಕೆಲಸ ಮಾಡಿದ್ದ. ಉಗಿ ಕೊಳವೆಗಳಿಗೆ ಸುತ್ತಿದ್ದ ಹಳೆಯ ಆಸ್‌ಬೆಸ್ಟಾಸ್ ಹೊದಿಕೆಯನ್ನು ಕಿತ್ತು ಹೊಸದು ಕಟ್ಟುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಹಿಟ್ಟು ಜರಡಿ ಹಿಡಿದ ಹಾಗೆ ಧೂಳು ಕೂತಿರುತ್ತಿತ್ತು. ಅವನ ಬಟ್ಟೆಯನ್ನು ಫಿಲೊಮೆನಾ ಹಿತ್ತಲಲ್ಲಿ ಕೊಡವಿ ಒಗೆಯುವಳು. ಆ ಕಾಲದಲ್ಲಿ ಬೀದಿಯ ಎಲ್ಲ ಹೆಂಗಸರೂ ಹಾಗೇ ಕೊಡವುತ್ತಿದ್ದರು.

ಅರವತ್ತೆಂಟನೆಯ ವಯಸ್ಸಿನಲ್ಲಿ, ಬೀನ್ಸ್ ಪಾತಿಗೆ ಗೊಬ್ಬರದ ಚೀಲ ಹೊರುವಾಗ ನೆನು ಅರ್ಧ ದಾರಿಯಲ್ಲಿ ಕೂತುಬಿಟ್ಟ. ಉಸಿರು ಒಳಗೆ ಹೋಗುತ್ತಿಲ್ಲ ಅಂದ. ತಿಂಗಳು ಕಳೆಯುವುದರೊಳಗೆ ಮೆಲ್ಬರ್ನಿನ ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಗೊತ್ತಾಯಿತು. ಆ ಧೂಳಿನಿಂದಲೇ ಶ್ವಾಸಕೋಶದ ಹೊರಪೊರೆಗೆ ಹಿಡಿದ ಕ್ಯಾನ್ಸರ್. ಮೊರ್ವೆಲ್‌ನಲ್ಲಿ ಆ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವರ್ಷ ಉಳಿದರೆ ಹೆಚ್ಚು ಅಂದ ಡಾಕ್ಟರು, ಸದ್ಯದಲ್ಲೇ ಹೊಸದೊಂದು ಔಷಧದ ಪ್ರಯೋಗ ಶುರುವಾಗಲಿದೆ, ಇಷ್ಟವಿದ್ದರೆ ಸೇರಬಹುದು ಅಂತಲೂ ಹೇಳಿದರು. ಇಪ್ಪತ್ತಮೂರು ಪುಟದ ಕಾಗದ ಕೊಟ್ಟರು. ಮನೆಗೆ ಒಯ್ದು ಓದಿ, ಅವಸರವಿಲ್ಲ ಅಂದರು. ನೆನು ಅಲ್ಲೇ ಕಾರಿಡಾರಿನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದ.

"ಓದ್ಲೇ ಇಲ್ವಲ್ಲ ನೀನು," ಅಂದಳು ಫಿಲೊಮೆನಾ.

"ಹೊಸ ಔಷಧ ಕಣೆ. ಹಳೇದಕ್ಕಿಂತ ಚೆನ್ನಾಗಿಲ್ದೆ ಇದ್ರೆ ಯಾಕೆ ಕೊಡ್ತಾರೆ?"

ಡಿಸೆಂಬರಿನಿಂದ ವಾರಕ್ಕೆರಡು ಸಲ ರೈಲು. ಹೋಗಲು ಎರಡೂಕಾಲು ಗಂಟೆ, ಬರಲು ಅಷ್ಟೇ. ರಕ್ತ ತೆಗೆದುಕೊಳ್ಳುವುದು, ಔಷಧ ಹನಿಸುವುದು, ಮತ್ತೆ ರಕ್ತ ತೆಗೆದುಕೊಳ್ಳುವುದು. ನೆನುವಿನ ಬಾಯೊಳಗೆಲ್ಲ ಹುಣ್ಣೆದ್ದು ಬ್ರೆಡ್ಡಿನ ಅಂಚೂ ಚುಚ್ಚುತ್ತಿತ್ತು. ವಾಪಸ್ಸು ಬರುವ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡಿಕೊಳ್ಳುವನು. ಎದುರಿಗೆ ಕೂತವರಿಗೆ ಕ್ಷಮಿಸಿ, ಕ್ಷಮಿಸಿ ಅನ್ನುವನು. ಅವನ ಗೆಳೆಯನೊಬ್ಬನ ಕ್ಯಾರವಾನು ಲೇಕ್ಸ್ ಎಂಟ್ರೆನ್ಸ್‌ನ ಕಡಲ ದಂಡೆಯಲ್ಲಿ ಖಾಲಿ ನಿಂತಿತ್ತು. ಬಂದು ಎಷ್ಟು ದಿನ ಬೇಕಾದರೂ ಇರು, ಗಾಳ ಹಾಕು ಅಂತ ಅವನು ಕರೆದಾಗಲೆಲ್ಲ ನೆನು, ಈ ಚಿಕಿತ್ಸೆಯೊಂದು ಮುಗಿಯಲಿ ಅನ್ನುತ್ತಿದ್ದ. ಜುಲೈ ತಿಂಗಳ ಚಳಿಗಾಲದಲ್ಲಿ, ಅಂಗಳದ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ, ಅವನು ಸತ್ತ. ಸಾಯುವ ಮುಂಚಿನ ವಾರವೂ ಔಷಧ ಹಿಡಿಯಲು ಸ್ವಲ್ಪ ಸಮಯ ಬೇಕು ಅನ್ನುತ್ತಿದ್ದ.

ಇಗರ್ಜಿಯಲ್ಲಿ ನೆನುವಿನ ಹೆಸರಿನ ಪೂಜೆ ಮುಗಿದು ಬಂದವರೆಲ್ಲ ಹೋದ ಮೇಲೆ ಫಿಲೊಮೆನಾ ಆ ಇಪ್ಪತ್ತಮೂರು ಪುಟಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ನಿಘಂಟು. ಓದಿ ಮುಗಿಸಲು ನಾಲ್ಕು ದಿನ ಹಿಡಿಯಿತು. ಹದಿನೇಳನೆಯ ಪುಟದಲ್ಲಿ ಒಂದು ವಾಕ್ಯವಿತ್ತು: 'ಪ್ರಸ್ತುತ ಅಧ್ಯಯನದ ಉದ್ದೇಶವು ಔಷಧದ ಗರಿಷ್ಠ ಸಹನೀಯ ಪ್ರಮಾಣವನ್ನು ನಿರ್ಧರಿಸುವುದಾಗಿದ್ದು, ಭಾಗವಹಿಸುವವರಿಗೆ ವೈಯಕ್ತಿಕ ಚಿಕಿತ್ಸಾತ್ಮಕ ಪ್ರಯೋಜನವು ನಿರೀಕ್ಷಿತವಾಗಿರುವುದಿಲ್ಲ.' ಐದನೆಯ ಸಲ ಓದಿದಾಗ ಅವಳಿಗೆ ಅರ್ಥವಾಯಿತು. ಔಷಧವನ್ನು ಎಷ್ಟು ಕೊಟ್ಟರೆ ಮೈ ತಡೆಯುತ್ತದೆ ಅಂತ ನೋಡಲು ನೆನುವನ್ನು ಕರೆದಿದ್ದರು. ಅವನ ಕಾಯಿಲೆ ಕಡಿಮೆಯಾಗುತ್ತದೆ ಅಂತ ಅಲ್ಲಿ ಯಾರೂ ಅಂದುಕೊಂಡೇ ಇರಲಿಲ್ಲ.

ಮರುದಿನ ಅದೇ ರೈಲು ಹಿಡಿದು ಹೋದಳು. ಪ್ರಯೋಗಗಳ ವಿಭಾಗದ ನರ್ಸ್ ರೋವೀನಾಳ ಮೇಜಿನ ಮೇಲೆ ಕಾಗದವಿಟ್ಟು ಆ ವಾಕ್ಯದ ಮೇಲೆ ಬೆರಳಿಟ್ಟಳು. ರೋವೀನಾ ಓದಿ ನೋಡಿ ಮೆಲ್ಲಗೆ, "ನಾವು ಇದನ್ನ ತಿಳಿಸಿದ್ವಿ, ಮಿಸೆಸ್ ಮಿಫ್ಸುದ್," ಅಂದಳು.

"ಕಾಗದ ತಿಳಿಸ್ತು. ನೀವು ತಿಳಿಸ್ಲಿಲ್ಲ."

ರೋವೀನಾ ವಾದಿಸಲಿಲ್ಲ. ಅವಳಿಗೂ ನೆನು ಅಂದರೆ ಇಷ್ಟ. ಸೂಜಿ ಚುಚ್ಚಿದಾಗಲೂ ಥ್ಯಾಂಕ್ಸ್ ಹೇಳುವವನು ಅಂತ ಆಗಾಗ ನಗುತ್ತಿದ್ದಳು. ಮೂರು ವಾರದ ಮೇಲೆ ಅವಳೇ ಫೋನ್ ಮಾಡಿದಳು. ಮುಂದೆ ಶುರುವಾಗುವ ಪ್ರಯೋಗಗಳ ವಿವರವನ್ನು ರೋಗಿಗಳಿಗೆ ತಿಳಿಯುವ ಮಾತಿನಲ್ಲಿ ಒಂದೇ ಪುಟಕ್ಕೆ ಇಳಿಸಲು ಆಸ್ಪತ್ರೆಯಲ್ಲೊಂದು ಗುಂಪು ಮಾಡುತ್ತಿದ್ದಾರೆ, ಡಾಕ್ಟರಲ್ಲದವರೂ ಬೇಕು, ನೀವು ಬರುತ್ತೀರಾ ಅಂತ ಕೇಳಿದಳು. ಕಾಗದದ ಅತಿ ಮುಖ್ಯವಾದ ಮಾತು ಮೊದಲ ಸಾಲಿನಲ್ಲೇ ಇರುವುದಾದರೆ ಬರುತ್ತೇನೆ ಅಂದಳು ಫಿಲೊಮೆನಾ.

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ತಿಂಗಳ ಎರಡನೆಯ ಗುರುವಾರ ಅವಳು ತಾನೇ ಬೇಯಿಸಿದ ರಿಕೊಟ್ಟಾ ಚೀಸಿನ ಕಡುಬಿನ ಡಬ್ಬಿ ಹಿಡಿದು ಹೋಗುವಳು. ಡಾಕ್ಟರುಗಳಿಗೆ ಕಡುಬು ರುಚಿಸುತ್ತಿತ್ತು, ಅವಳ ಪ್ರಶ್ನೆಗಳು ಅಷ್ಟಾಗಿ ರುಚಿಸುತ್ತಿರಲಿಲ್ಲ. ಗರಿಷ್ಠ ಸಹನೀಯ ಪ್ರಮಾಣ ಅಂದರೇನು ಅಂತ ಅವಳು ಕೇಳಿದ ದಿನ ಎಳೆಯ ಡಾಕ್ಟರೊಬ್ಬ ಹತ್ತು ನಿಮಿಷ ವಿವರಿಸಿದ. ಫಿಲೊಮೆನಾ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಮನುಷ್ಯ ಎಷ್ಟರ ತನಕ ತಡ್ಕೋತಾನೆ ಅಂತ ನೋಡೋದು. ಹಾಗಂತ್ಲೇ ಬರೀರಿ," ಅಂದಳು.

"ಹಾಗೆ ಬರೆದ್ರೆ ಯಾರೂ ಬರಲ್ಲ."

"ತಿಳಿದ್ರೆ ಬರಲ್ಲ ಅಂತ ನಿಮಗೇ ಗೊತ್ತಿದೆಯಲ್ಲಪ್ಪ."

ಬರೆದರು. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ನಿಮ್ಮನ್ನು ಯಾವುದೋ ಒಂದು ಗುಂಪಿಗೆ ಹಾಕುತ್ತದೆ, ಯಾವ ಔಷಧ ಸಿಗುತ್ತದೆಂದು ಆರಿಸುವುದು ನೀವೂ ಅಲ್ಲ, ಡಾಕ್ಟರೂ ಅಲ್ಲ. ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಟ್ಟುಹೋಗಬಹುದು, ಯಾರೂ ಸಿಟ್ಟಾಗುವುದಿಲ್ಲ. ವಾರಕ್ಕೆ ಇಷ್ಟು ದಿನ ನಿಮ್ಮದಲ್ಲ, ಆಸ್ಪತ್ರೆಯದು. ಇಂಥ ಸಾಲುಗಳೆಲ್ಲ ಅವಳವೇ. 'ಬರಲಿರುವ ಪ್ರಯೋಗಗಳು' ಎಂಬ ಆ ಹಾಳೆ ಮೊರ್ವೆಲ್ ಕಡೆಯ ಆಸ್ಪತ್ರೆಗಳಿಗೂ ಬರತೊಡಗಿತು. ಕಾಯುವ ಕೋಣೆಗಳಲ್ಲಿ ಜನ ಅದನ್ನು ಓದಿ ಒಬ್ಬರಿಗೊಬ್ಬರು ದಾಟಿಸುತ್ತಿದ್ದರು.

ಹತ್ತನೆಯ ವರ್ಷದ ಬೇಸಿಗೆಯಲ್ಲಿ ಸ್ಪೀರು ಜಾಹ್ರಾ ಅದೇ ಹಾಳೆ ಹಿಡಿದು ಫಿಲೊಮೆನಾಳ ಹಿತ್ತಲಿಗೆ ಬಂದ. ನೆನುವಿನ ಕೈಕೆಳಗೆ ಕೆಲಸ ಕಲಿತವನು. ಎರಡು ಮನೆ ಆಚೆ ವಾಸ. ಅವನ ಹೆಂಡತಿ ಇನೆಜ್ ಪ್ರತಿ ಭಾನುವಾರ ಫಿಲೊಮೆನಾಳನ್ನು ತನ್ನ ಕಾರಿನಲ್ಲೇ ಇಗರ್ಜಿಗೆ ಕರೆದೊಯ್ಯುತ್ತಿದ್ದಳು. ಸ್ಪೀರುವಿಗೂ ಅದೇ ಕಾಯಿಲೆ ಬಂದಿತ್ತು. ಐವತ್ತೊಂಬತ್ತು ವರ್ಷ. ಮಾರ್ಚಿನಲ್ಲಿ ಶುರುವಾಗುವ ಪ್ರಯೋಗವೊಂದು ಹಾಳೆಯಲ್ಲಿತ್ತು, ಅದರ ಮೊದಲ ಸಾಲು: 'ಈ ಔಷಧದಿಂದ ನಿಮ್ಮ ಕಾಯಿಲೆ ಕಡಿಮೆಯಾಗುವ ನಿರೀಕ್ಷೆ ಇಲ್ಲ.'

"ಅಕ್ಕ, ಇದು ನೀನು ಬರೆದಿದ್ದಾ?" ಅಂದ ಸ್ಪೀರು.

ಹೌದು ಅಂದಳು.

"ಇನೆಜ್ ಸೇರ್ಕೋ ಅಂತಾಳೆ. ನೆನು ಇದ್ದಿದ್ರೆ ಏನು ಹೇಳ್ತಿದ್ದ?"

ಹಾಳೆಯಲ್ಲಿ ಇರುವುದಿಷ್ಟು, ಯೋಚಿಸುವುದು ನಿನಗೆ ಬಿಟ್ಟದ್ದು ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಫಿಲೊಮೆನಾಳ ಕಣ್ಣ ಮುಂದೆ ರೈಲಿನ ಕಿಟಕಿ ಇತ್ತು, ಗಂಡನ ಬಾಯ ಹುಣ್ಣು ಇತ್ತು. "ಮೀನು ಹಿಡಿಯೋಕೆ ಹೋಗು ಅಂತಿದ್ದ," ಅಂದಳು.

ಸ್ಪೀರು ನಕ್ಕ. ಅವನಿಗೆ ಬೇಕಾಗಿದ್ದ ಮಾತು ಅದೇ ಇರಬೇಕು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಮುಂದಿನ ವಾರ ಇನೆಜ್‌ಳನ್ನು ಕರೆದುಕೊಂಡು ಕಡಲ ಕಡೆ ಹೊರಟ. ಅಲ್ಲಿ ಬಾಡಿಗೆ ಮನೆಯಲ್ಲಿ ಐದು ತಿಂಗಳು ಇದ್ದರು. ಗಾಳ ಹಾಕಿದ್ದು ಮೂರೇ ಸಲವಂತೆ; ಮಿಕ್ಕ ದಿನವೆಲ್ಲ ಆಮ್ಲಜನಕದ ನಳಿಗೆ ಮೂಗಿಗಿಟ್ಟುಕೊಂಡು ಕಿಟಕಿಯಲ್ಲಿ ಕೂತು ನೀರು ನೋಡುತ್ತಿದ್ದನಂತೆ. ಆಗಸ್ಟಿನಲ್ಲಿ ತೀರಿಕೊಂಡ. ಮಣ್ಣು ಮಾಡಿದ ದಿನ ಇನೆಜ್ ಫಿಲೊಮೆನಾಳ ತೋಳಿಗೆ ಒರಗಿ ಅತ್ತಳು. ಸೂಜಿ ಚುಚ್ಚಿಸಿಕೊಳ್ಳದೆ ಹೋದನಲ್ಲ ಅಕ್ಕ, ಅಷ್ಟಾದರೂ ಆಯಿತು ಅಂದಳು.

ಒಂದೂವರೆ ವರ್ಷದ ಮೇಲೆ, ಸ್ಪೀರು ಸೇರದೆ ಬಿಟ್ಟ ಆ ಪ್ರಯೋಗದ ಫಲಿತಾಂಶ ಗುಂಪಿನ ಮುಂದೆ ಬಂತು. ಅದನ್ನೂ ಸರಳ ಮಾತಿನಲ್ಲಿ ಬರೆದು ಕಾಯುವ ಕೋಣೆಗಳಿಗೆ ಕಳಿಸಬೇಕಿತ್ತು. ಮೂವತ್ತೊಂದು ಜನ ಸೇರಿದ್ದರು. ಇಪ್ಪತ್ತಮೂರು ಜನರಿಗೆ ಏನೂ ಪ್ರಯೋಜನವಾಗಲಿಲ್ಲ. ಇಬ್ಬರು ಔಷಧದ ತೊಂದರೆಯಿಂದಲೇ ಸತ್ತರು. ಆರು ಜನರ ಗಡ್ಡೆ ಕುಗ್ಗಿತ್ತು. ಆ ಆರರಲ್ಲಿ ನಾಲ್ಕು ಜನ ಇನ್ನೂ ಬದುಕಿದ್ದರು. ಡಾಕ್ಟರುಗಳೇ ಬೆರಗಾಗಿದ್ದರು. ಎಲ್ಲರೂ ಸಂತೋಷದಿಂದ ಮಾತಾಡುತ್ತಿದ್ದಾಗ ಫಿಲೊಮೆನಾ ಕಡುಬಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮೂರು ಸಾಲು ತಿದ್ದಿಕೊಟ್ಟು, ಮನೆಗೆ ಒಯ್ಯಲು ಒಂದು ಪ್ರತಿ ಕೇಳಿಕೊಂಡಳು.

ಇನೆಜ್ ಅದನ್ನು ಯಾವುದೋ ಗೋಡೆಯ ಮೇಲೆ ನೋಡುವುದು ಬೇಡವೆಂದು, ಊರಿಗೆ ಬಂದವಳು ನೇರ ಅವಳ ಮನೆಗೆ ಹೋದಳು. ಇನೆಜ್ ಇಸ್ತ್ರಿ ಮಾಡುತ್ತಿದ್ದಳು. ಫಿಲೊಮೆನಾ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ, ಇಬ್ಬರು ಸತ್ತದ್ದನ್ನೂ ಆರು ಜನರದ್ದನ್ನೂ ಒಂದೇ ದನಿಯಲ್ಲಿ ಓದಿದಳು. ಇನೆಜ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡಳು.

"ಆರು ಜನ," ಅಂದಳು.

"ಹೂಂ."

"ಅವನು ಆ ಆರರಲ್ಲಿ ಇರ್ತಿರ್ಲಿಲ್ಲ ಅಂತ ಹೇಳಕ್ಕ."

"ಅದು ನನಗೆ ಗೊತ್ತಿಲ್ಲ, ಇನೆಜ್."

"ಅವತ್ತು ಗೊತ್ತಿತ್ತಲ್ಲ ನಿನಗೆ."

ಇನೆಜ್ ಕೂಗಾಡಲಿಲ್ಲ, ಶಪಿಸಲೂ ಇಲ್ಲ. ಬಾಗಿಲ ತನಕ ಬಂದು ಬೀಳ್ಕೊಟ್ಟಳು. ಆ ಭಾನುವಾರ ಅವಳ ಕಾರು ಫಿಲೊಮೆನಾಳ ಮನೆ ಮುಂದೆ ನಿಲ್ಲದೆ ಹೋಯಿತು. ಫಿಲೊಮೆನಾ ನಡೆದುಕೊಂಡೇ ಇಗರ್ಜಿ ಮುಟ್ಟುವ ಹೊತ್ತಿಗೆ ಪೂಜೆ ಅರ್ಧ ಮುಗಿದಿತ್ತು. ಇನೆಜ್ ಎಡಬದಿಯ ಮುಂದಿನ ಬೆಂಚಿನಲ್ಲಿ ಕೂತಿದ್ದಳು, ತಿರುಗಿ ನೋಡಲಿಲ್ಲ.

ಗುಂಪು ಬಿಡುತ್ತೇನೆ ಅಂತ ಫಿಲೊಮೆನಾ ರೋವೀನಾಳಿಗೆ ಹೇಳಿದಳು. ರೋವೀನಾ ಅವಳನ್ನು ಸಮಾಧಾನ ಮಾಡಲು ನೋಡಿದಳು. ಬರೆದಾಗ ಆ ಸಾಲು ನಿಜವೇ ಆಗಿತ್ತು, ಅವತ್ತು ಯಾರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ ಅಂದಳು.

"ಸಾಲು ನಿಜ," ಅಂದಳು ಫಿಲೊಮೆನಾ. "ಆದ್ರೆ ನಿರೀಕ್ಷೆ ಇಲ್ಲ ಅಂದ್ರೆ ಕಾಯಿಲೆಯವರು ಆಗೋದೇ ಇಲ್ಲ ಅಂತ ಓದ್ಕೋತಾರೆ. ನಾನೇ ಹಾಗೆ ಓದ್ಕೊಂಡೆ. ಅದೂ ಸಾಲ್ದು ಅಂತ ಸತ್ತ ಗಂಡನ ಬಾಯಿಂದ ಮಾತಾಡ್ದೆ."

ಆದರೆ ಬಿಡಲಿಲ್ಲ. ಬಿಟ್ಟರೆ ಆ ಸಾಲು ಹಾಗೇ ಉಳಿಯುತ್ತಿತ್ತು. ಮುಂದಿನ ಎರಡು ಗುರುವಾರ ಅದೊಂದರ ಮೇಲೆಯೇ ಕೂತರು. ಡಾಕ್ಟರುಗಳು ಶೇಕಡಾ ಲೆಕ್ಕ ಹಾಕೋಣ ಅಂದರು, ಇಲ್ಲದ ಲೆಕ್ಕ ಎಲ್ಲಿಂದ ತರುತ್ತೀರಿ ಅಂದಳು ಅವಳು. ಕೊನೆಗೆ ಹೀಗೆ ನಿಂತಿತು: 'ಈ ಔಷಧ ನಿಮಗೆ ಸಹಾಯ ಮಾಡುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಬಹುಶಃ ಮಾಡುವುದಿಲ್ಲ. ಮಾಡಿದರೂ ಮಾಡಬಹುದು. ಇದರಿಂದ ನಿಮಗೆ ಕೆಡುಕೂ ಆಗಬಹುದು.' ಇಷ್ಟು ಓದಿದವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಏನೂ ಸಿಗುವುದಿಲ್ಲವಲ್ಲ ಅಂತ ಅದೇ ಎಳೆಯ ಡಾಕ್ಟರು, ಈಗ ಕೂದಲು ನರೆತವನು, ಹೇಳಿದ. ಸಿಗುವುದಿಲ್ಲ ಅಂತ ಅವಳೂ ಒಪ್ಪಿದಳು.

ಇನೆಜ್ ಮರುವರ್ಷ ಮನೆ ಮಾರಿ ಜೀಲಾಂಗ್‌ನ ಮಗಳ ಹತ್ತಿರ ಹೋದಳು. ಲಾರಿಗೆ ಸಾಮಾನು ತುಂಬುವಾಗ ಫಿಲೊಮೆನಾ ಗೇಟಿನ ತನಕ ಹೋಗಿ ನಿಂತಿದ್ದಳು. ಇನೆಜ್ ಅವಳನ್ನು ನೋಡಿ ಒಳಗೆ ಹೋದಳು, ಲಾರಿ ಹೊರಡುವವರೆಗೂ ಹೊರಗೆ ಬರಲಿಲ್ಲ.

ಈಗ ಫಿಲೊಮೆನಾಳಿಗೆ ಎಪ್ಪತ್ತೊಂಬತ್ತು. ಗಂಡನ ಬಟ್ಟೆಯ ಧೂಳು ಕೊಡವಿದವಳೆಂದು ವರ್ಷಕ್ಕೊಮ್ಮೆ ಅವಳ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಇಲ್ಲಿಯವರೆಗೆ ಏನೂ ಕಂಡಿಲ್ಲ. ಆ ಹಾಳೆ ಹಿಡಿದು ಅವಳ ಮನೆ ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಕೂರಿಸಿ, ಚಹಾ ಕೊಟ್ಟು, ಒಂದೊಂದೇ ಸಾಲು ಓದಿ, ಅರ್ಥವಾಯಿತೇ ಅಂತ ಕೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸುತ್ತಾಳೆ. ಹೋದ ತಿಂಗಳು ಪಕ್ಕದ ಊರು ಟ್ರರಾಲ್ಗನ್‌ನಿಂದ ಒಬ್ಬಳು ಬಂದಿದ್ದಳು. ಗಂಡ ಹೊರಗೆ ಕಾರಿನಲ್ಲಿ ಕೂತಿದ್ದ, ಇಳಿದು ಬರುವಷ್ಟು ಉಸಿರಿರಲಿಲ್ಲ. ಎಲ್ಲ ಓದಿಸಿಕೊಂಡ ಮೇಲೆ ಆ ಹೆಂಗಸು, ನಿಮ್ಮ ಗಂಡನೇ ಆಗಿದ್ದರೆ ನೀವು ಏನು ಮಾಡುತ್ತಿದ್ದಿರಿ ಅಂತ ಕೇಳಿದಳು. ಫಿಲೊಮೆನಾ ಅದಕ್ಕೆ ಉತ್ತರ ಹೇಳುವುದಿಲ್ಲ ಅಂದಳು. ಹೆಂಗಸು ಇನ್ನೊಂದು ಸಲ ಕೇಳಿದಳು, ಆಮೇಲೆ ಅಳುತ್ತಾ ಕೇಳಿದಳು. ಕೊನೆಗೆ, ಇಲ್ಲಿ ತನಕ ಬಂದದ್ದು ಯಾತಕ್ಕೆ ಅಂತ ಹಾಳೆಯನ್ನು ಮೇಜಿನ ಮೇಲೆ ಬಿಸಾಕಿ ಎದ್ದು ನಡೆದಳು. ಫಿಲೊಮೆನಾ ಅದನ್ನು ಎತ್ತಿಕೊಂಡು ಕಾರಿನ ತನಕ ಹೋಗಿ, ಕಿಟಕಿಯ ಗಾಜು ಇಳಿಸಿದ ಗಂಡನ ಕೈಗೆ ಕೊಟ್ಟಳು. ಅವನು ಥ್ಯಾಂಕ್ಸ್ ಅನ್ನುವ ಮೊದಲೇ ಕಾರು ಹೊರಟಿತು.