ಅಕ್ಕನ ಜೊತೆ ಹೈದರಾಬಾದಿಗೆ

ಸ್ತನದ ಕ್ಯಾನ್ಸರಿಗೆ ಬೀದರಿನಲ್ಲಿ ಆಪರೇಷನ್ ಆದ ಮೇಲೆ ಅಕ್ಕ ಕೆಲವು ವರ್ಷ ಆರಾಮಾಗಿದ್ದಳು. ಭಾಲ್ಕಿಯಲ್ಲಿ ಭಾವನ ಬಳೆ ಅಂಗಡಿಯಲ್ಲಿ ಕೂತು ಹೆಂಗಸರಿಗೆ ಬಳೆ ತೊಡಿಸುತ್ತಿದ್ದಳು. ಒಂದು ದಿನ ಬೆನ್ನು ನೋವೆಂದು ಮಲಗಿದವಳಿಗೆ ಏಳುವುದೇ ಕಷ್ಟವಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ರೋಗ ಬೆನ್ನೆಲುಬಿಗೆ ಹರಡಿದೆ, ಹೈದರಾಬಾದಿನ ತಜ್ಞರಿಗೆ ತೋರಿಸಿ ಎಂದರು.

ಭಾವ ಕುಸಿದುಹೋಗಿದ್ದ. ಔರಾದಿನಲ್ಲಿ ಸಾಲಿ ಟೀಚರಾಗಿದ್ದ ನಾನು ರಜೆ ಹಾಕಿ ಹೊರಟೆ. ರೈಲಿನಲ್ಲಿ ಅಕ್ಕ ಸರಿದು ಜಾಗ ಮಾಡಿದಳು.

"ಕಿಡಕಿ ಕಡಿ ನೀನೇ ಕೂಡು. ಸಣ್ಣಾಕಿದ್ದಾಗ ಇದಕ್ಕಂತೇ ನನ್ನ ಕೂದಲಾ ಜಗ್ಗತಿದ್ದಿ."

ಆಕೆಯ ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ನಮ್ಮ ತವರೂರು ಸಂತಪುರದ ಹೊಲ, ಹಸಿ ಜೋಳದ ತೆನೆ ಸುಟ್ಟು ಅವ್ವ ಉಜ್ಜಿ ಕೊಡುತ್ತಿದ್ದ ಸೀತೆನಿ, ಇವೇ ಮಾತು.

ತಜ್ಞೆ ವಯಸ್ಸಾದ ಹೆಂಗಸು. ರೋಗ ಪೂರ್ತಿ ಹೋಗುವುದಿಲ್ಲ, ಆದರೆ ತಡೆಹಿಡಿಯಬಹುದು ಎಂದು ಹಿಂದಿಯಲ್ಲಿ ಹೇಳಿದರು. ಮತ್ತೆ ಅಂಗಡಿಯಲ್ಲಿ ಕೂರಬಹುದೇ ಎಂದು ಅಕ್ಕ ಕೇಳಿದಳು. ಬೆನ್ನಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟ ಮೇಲೆ ನೋವು ಇಳಿದರೆ ಕೂರಬಹುದು ಎಂದರು. ಹೊರಗೆ ಬಂದಾಗ ನನ್ನ ಕಣ್ಣು ತುಂಬಿತ್ತು.

"ಅಳಬ್ಯಾಡ. ಹಸಿವಿ ಆಗ್ಯದ, ರೊಟ್ಟಿ ಗಂಟು ಬಿಚ್ಚು," ಎಂದಳು.

ನೋವು ಇಳಿಯಿತು. ಮಾತ್ರೆ ನುಂಗುತ್ತ ಅಕ್ಕ ಮತ್ತೆ ಅಂಗಡಿಗೆ ಹೋದಳು. ತಪಾಸಣೆಗೆ ಪ್ರತಿಸಲ ನಾವಿಬ್ಬರೇ ಹೋಗುತ್ತಿದ್ದೆವು. ಅಂಥದೊಂದು ಪ್ರಯಾಣದಲ್ಲಿ, ಮದುವೆಯಾದ ಹೊಸತರಲ್ಲಿ ಅತ್ತೆಯ ಕಾಟ ತಾಳದೆ ತವರಿಗೆ ಹೊರಟು ಔರಾದ್ ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ ಎಂದಳು.

"ಮತ್ತ ಮನಿಗಿ ಯಾಕ ಬರ್ಲಿಲ್ಲ?"

"ನೀ ಮೆಟ್ರಿಕ್ ಪರೀಕ್ಷಾ ಬರೀತಿದ್ದಿ. ನಾ ಅಳ್ಕೋತ ಬಂದಿದ್ರ ನಿನ್ನ ಓದು ಕೆಡ್ತಿತ್ತು. ಒಂದು ಚಾ ಕುಡದೆ, ತಿರುಗಿ ಹೋದೆ."

ಆಕೆ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಲೇ ಇದ್ದಳು.

ಕೊನೆಗೆ ರೋಗ ಯಕೃತ್ತಿಗೂ ಹರಡಿತು. ಇನ್ನು ಔಷಧಿಯಿಂದ ಸಂಕಟವೇ ಹೆಚ್ಚು, ನೋವಿಗಷ್ಟೇ ಕೊಡುತ್ತೇನೆ ಎಂದರು ತಜ್ಞೆ. ಅಕ್ಕ ಅವರಿಗೆ ಕೈಮುಗಿದು ಭಾಲ್ಕಿಗೆ ಮರಳಿದಳು. ಬೇಸಿಗೆಯ ಒಂದು ಬೆಳಿಗ್ಗೆ, ಭಾವ ತಲೆ ನೇವರಿಸುತ್ತ ಕೂತಿದ್ದಾಗ, ನನ್ನ ಕೈ ಹಿಡಿದೇ ಹೋದಳು. ಆಸ್ಪತ್ರೆಯ ವಾಸನೆ ನನಗೀಗ ನೆನಪಿಲ್ಲ. ರೈಲಿನಲ್ಲಿ ನನ್ನ ಹೆಗಲಿಗೊರಗಿ ಆಕೆ ನಕ್ಕಿದ್ದು ನೆನಪಿದೆ.