ಬಲಗಡೆಯ ಖಾನೆ ತುಂಬಿದ್ದು ಯಾರು?

ಇದನ್ನು ಕಟ್ಟುಕಥೆ ಅನ್ನುವವರು ಶರವಣಂಪಟ್ಟಿಯ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ರಾತ್ರಿ ಒಬ್ಬರೇ ಕೂತು ನೋಡಲಿ. ದೆವ್ವ-ಗಿವ್ವ ಅಂದರೆ ನಾನೂ ಕಿಸಕ್ಕನೆ ನಗುತ್ತಿದ್ದವಳೇ.

ಪೊಂಗಲ್ ರಜೆ. ಇಡೀ ಕಟ್ಟಡ ಖಾಲಿ. ನನಗೆ ಮಾತ್ರ ಆಫೀಸಿನಲ್ಲಿ ರಜೆ ಕೊಟ್ಟಿರಲಿಲ್ಲ. ಹಬ್ಬದ ದಿನವೂ ಬ್ರೆಡ್ ತಿಂದು, ರಾತ್ರಿ ಎಂದಿನಂತೆ ನನ್ನ ಬಿಡುವಿನ ಕೆಲಸಕ್ಕೆ ಲ್ಯಾಪ್‌ಟಾಪ್ ತೆರೆದೆ.

ಕಡಲಾಚೆಗೆ ಒಂದು ದೇಶ. ಹಿಂದೆ ನಮ್ಮ ಕಡೆಯವರು ಕೂಲಿಗೆ ಹೋಗುತ್ತಿದ್ದ ದೇಶ. ಅದರ ರಾಷ್ಟ್ರೀಯ ದಾಖಲೆ ಭಂಡಾರ ಬೆಂಕಿಗೆ ಸುಟ್ಟುಹೋಗಿತ್ತು. ಉಳಿದ ಅರೆಸುಟ್ಟ ಪುಟಗಳ ಫೋಟೊ ನೋಡಿ, ಊರೂರಿನ ಜನ ಸೇರಿ ಅದನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿದ್ದೆವು. ಒಂದೊಂದು ಪುಟವನ್ನೂ ಪರಸ್ಪರ ಗೊತ್ತಿಲ್ಲದ ಇಬ್ಬರು ಓದಿ ಟೈಪ್ ಮಾಡಬೇಕು. ನನ್ನದು ಎಡಗಡೆಯ ಖಾನೆ, ಇನ್ನೊಬ್ಬರದು ಬಲಗಡೆಯದು. ಕಾಣದ್ದನ್ನು ಊಹಿಸುವಂತಿಲ್ಲ, ‘ಸುಟ್ಟಿದೆ’ ಎಂದು ಬರೆಯಬೇಕು.

ನಾನು ಸೇರಿದ್ದು ಅವ್ವನಿಗಾಗಿ. ಅವ್ವ ಅಂದರೆ ನನ್ನಜ್ಜಿ, ನಮ್ಮೂರು ವೆಳ್ಳಕೋಯಿಲ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ಅವಳು ಕೈಗೂಸಾಗಿದ್ದಾಗ ಆ ದೇಶಕ್ಕೆ ಹಡಗು ಹತ್ತಿದ ಅವಳಪ್ಪ ಮರಳಲಿಲ್ಲ. ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಊರೇ ಆಡಿಕೊಂಡಿತ್ತು. ಆ ಮಾತು ಅವ್ವನನ್ನು ಮುದಿವಯಸ್ಸಿನಲ್ಲೂ ಕೊರೆಯುತ್ತಿತ್ತು.

ಆ ರಾತ್ರಿ ಬಂದದ್ದು ಇತ್ತ ಮರಳುವ ಹಡಗಿನ ಪ್ರಯಾಣಿಕರ ಪಟ್ಟಿ. ಒಂದು ಸಾಲಿನಲ್ಲಿ ‘ರಂಗ...’ ಆಮೇಲೆ ‘ವೆಳ್ಳಕೋಯಿಲ್’. ಉಳಿದದ್ದೆಲ್ಲ ಕರಿ. ಅವ್ವನ ಅಪ್ಪನ ಹೆಸರು ರಂಗಪ್ಪ! ಆದರೆ ರಂಗಸಾಮಿ, ರಂಗಯ್ಯ... ಯಾರೂ ಆಗಿರಬಹುದಲ್ಲ. ‘ಸುಟ್ಟಿದೆ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ.

ಆಗ ಬಂತು ವಾಸನೆ... ನಮ್ಮೂರ ನೇಕಾರರ ಮನೆಗಳಲ್ಲಿ ನೂಲಿಗೆ ಹಾಕುವ ಗಂಜಿ ತಳಹಿಡಿದ ವಾಸನೆ. ನನ್ನ ಕೋಣೆಯಲ್ಲಿ ಒಲೆಯೇ ಇಲ್ಲ.

ಬಲಗಡೆಯ ಖಾನೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು.

‘ರಂಗಪ್ಪ. ನೇಕಾರ. ಎಡಗೈಯಲ್ಲಿ ಗಂಜಿ ಸುಟ್ಟ ಕಲೆ. ಹಡಗಿನಲ್ಲೇ ಜ್ವರದಿಂದ ತೀರಿಕೊಂಡ.’

ಓದಿದವರ ಹೆಸರಿನ ಜಾಗ ಖಾಲಿ.

ಕೆಲಸ ಹಂಚುವ ಸೆಲ್ವಿ ಅಕ್ಕನಿಗೆ ಫೋನ್ ಮಾಡಿದೆ. “ಆ ಪುಟ ಇನ್ನೂ ಎರಡನೆಯವರಿಗೆ ಕೊಟ್ಟೇ ಇಲ್ಲಮ್ಮ. ಸುಟ್ಟಿರೋದನ್ನ ಯಾರು ಓದೋಕಾಗುತ್ತೆ? ಅಳಿಸ್ಬಿಡು” ಎಂದು ಗದರಿದರು.

ಅಳಿಸುವ ಮುಂಚೆ ಅವ್ವನಿಗೆ ಫೋನ್ ಮಾಡಿದೆ.

“ಅವ್ವಾ, ನಿಮ್ಮಪ್ಪನ ಮೈಮೇಲೆ ಗುರುತೇನಾದ್ರೂ ಇತ್ತಾ?”

“ಯಡಗೈಲಿ ಗಂಜಿ ಸುಟ್ಟ ತಳುಂಬು ಇತ್ತಂತೆ ನನ್ ಕಣ್ಣು, ನಮ್ಮವ್ವ ಯೋಳ್ತಿದ್ಲು.” ಅವಳ ದನಿ ತಗ್ಗಿತು. “ಯೇನಾರ ಸಿಕ್ತಾ? ಮುಚ್ಚಿಡ್ಬೇಡ. ಇನ್ನೊಬ್ಬಳ್ನ ಕಟ್ಕೊಂಡಿದ್ರೂ ಪರವಾಗಿಲ್ಲ, ಯೋಳು.”

ತುಟಿಯ ತನಕ ಬಂದಿತ್ತು. ಆದರೆ ಯಾರು ಬರೆದದ್ದೋ ಗೊತ್ತಿಲ್ಲದ ಮಾತನ್ನು ಆ ಹಿರಿಜೀವಕ್ಕೆ ಹೇಗೆ ಹೇಳಲಿ? ನಾಳೆ ಸುಳ್ಳಾದರೆ?

“ಇಲ್ಲವ್ವ. ಸುಟ್ಟೋಗಿದೆ.”

“ಹೋಗ್ಲಿ ಬಿಡು... ಉಂಡ್ಯಾ?” ಎಂದಳು.

ಆ ಸಾಲನ್ನು ಅಳಿಸಿದೆ. ವಾಸನೆ ಥಟ್ಟನೆ ನಿಂತಿತು.

ಶಿವರಾತ್ರಿಗೆ ಮುಂಚೆಯೇ ಅವ್ವ ತೀರಿಕೊಂಡಳು. ತಿಥಿ ಮುಗಿಸಿ ಬಂದ ವಾರದಲ್ಲಿ ಸೆಲ್ವಿ ಅಕ್ಕ ಒಂದು ಫೋಟೊ ಕಳಿಸಿದರು. ಆ ದೇಶದ ಬಂದರಿನ ಗೋದಾಮಿನಲ್ಲಿ ಅದೇ ಪಟ್ಟಿಯ ನಕಲು ಸಿಕ್ಕಿತ್ತು. ಒಂದು ಮೂಲೆಯೂ ಸುಟ್ಟಿರಲಿಲ್ಲ. ರಂಗಪ್ಪ. ನೇಕಾರ. ಗಂಜಿ ಸುಟ್ಟ ಕಲೆ. ಜ್ವರ. ಒಂದಕ್ಷರವೂ ಹೆಚ್ಚುಕಮ್ಮಿ ಇಲ್ಲ.

ಅವನು ಯಾರನ್ನೂ ಬಿಟ್ಟು ಹೋಗಿರಲಿಲ್ಲ. ಮನೆಗೇ ಬರುತ್ತಿದ್ದ. ಇದನ್ನು ಕೇಳಲು ಅವ್ವ ಇಲ್ಲ. ಅಯ್ಯೋ, ಒಂದು ಮಾತು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ನನಗೆ!

ಆ ರಾತ್ರಿ ಓದಿದವರು ಯಾರು? ಇವತ್ತಿಗೂ ಗೊತ್ತಿಲ್ಲ. ಈಗಲೂ ಪುಟ ಮುಗಿಸಿ ಕೂತಾಗ ಒಮ್ಮೊಮ್ಮೆ ಗಂಜಿಯ ವಾಸನೆ ಬರುತ್ತದೆ... “ಯಾರಿದ್ದೀರಿ? ಬರೀರಿ, ಈ ಸಲ ಅಳಿಸಲ್ಲ” ಎಂದು ಖಾಲಿ ಕೋಣೆಗೆ ಹೇಳುತ್ತೇನೆ.

ಬಲಗಡೆಯ ಖಾನೆ ಖಾಲಿಯಾಗಿಯೇ ಇರುತ್ತದೆ.